ಕಬ್ಬಿಣಕ್ಕೆ ಗಾಜಿನ ಎಳೆ ಅಂಟಿಸಿದವರು

ಮೇಡಂ ತೀರಿಕೊಂಡ ಸುದ್ದಿ ನನಗೆ ತಡವಾಗಿ ತಲುಪಿತು. ನಾನು ಕಂಪ್ಲಿ ಮುಟ್ಟುವಷ್ಟರಲ್ಲಿ ಮಣ್ಣು ಮಾಡುವುದು ಮುಗಿದುಹೋಗಿತ್ತು. ಮನೆ ಮುಂದೆ ಹಾಕಿದ್ದ ಶಾಮಿಯಾನ ಬಿಚ್ಚಿ ಟ್ರ್ಯಾಕ್ಟರಿಗೆ ತುಂಬುತ್ತಿದ್ದರು. ಪಕ್ಕದಲ್ಲೇ ಅವರ ಅಣ್ಣನ ಅಕ್ಕಿ ಗಿರಣಿ. ಅಂದು ಅದೂ ಬಂದಾಗಿತ್ತು.

ಅಣ್ಣನವರು ನನ್ನ ಕೈ ಹಿಡಿದು ಜಗಲಿಯ ಮೇಲೆ ಕೂರಿಸಿಕೊಂಡರು.

"ನೀವು ಸಂಡೂರಿನ್ಯಾಗ ಆಕಿ ಸಂಗಾಟ ಕೆಲಸ ಮಾಡಿದೋರಲ್ರಿ? ಒಂದು ಹೇಳ್ರಿ ನನಗ. ಆಕಿ ಏನು ಮಾಡ್ತಿದ್ಲು? ಬಂದೋರೆಲ್ಲ ಕೇಳಾಕತ್ಯಾರ. ವಾಯರಿನ ಕೆಲಸ ಅಂತ ಹೇಳೀನಿ."

"ಬಿರುಕು ನೋಡ್ತಿದ್ರು," ಅಂದೆ.

"ಮನಿ ಗ್ವಾಡಿ ಬಿರುಕಾ?"

"ಇಲ್ರಿ, ಕಬ್ಬಿಣದ್ದು."

ಅವರು ತಲೆಯಾಡಿಸಿದರು. ಅರ್ಥವಾಗಿಲ್ಲವೆಂಬುದು ಮುಖದಲ್ಲೇ ಕಾಣುತ್ತಿತ್ತು. ಇನ್ನಷ್ಟು ಹೇಳೋಣವೆಂದರೆ ಯಾರೋ ಬಂದರು, ಮಾತು ತಪ್ಪಿತು. ಹೊಸಪೇಟೆಗೆ ವಾಪಸು ಬರುವಾಗ ಬಸ್ಸಿನಲ್ಲಿ ಅದೇ ಕೊರೆಯುತ್ತಿತ್ತು. ಒಡಹುಟ್ಟಿದ ಅಣ್ಣನಿಗೇ ಗೊತ್ತಿಲ್ಲದ ಆ ಕೆಲಸವನ್ನು ನಾನು ಕಣ್ಣಾರೆ ಕಂಡಿದ್ದೇನೆ. ತಿಳಿದಷ್ಟನ್ನು ಬರೆದಿಡುತ್ತೇನೆ.

ಆಗ ಅದಿರಿನ ಕಾಲ. ಹೊಸಪೇಟೆಯಿಂದ ಸಂಡೂರಿನವರೆಗೆ ಲಾರಿಗಳ ಸಾಲು ಕಡಿಯುತ್ತಲೇ ಇರಲಿಲ್ಲ. ಬೆಳಿಗ್ಗೆ ಬಿಳಿ ಅಂಗಿ ತೊಟ್ಟು ಹೊರಟವನು ಸಂಜೆ ಕೆಂಪಾಗಿ ಮನೆಗೆ ಬರುತ್ತಿದ್ದ. ಮರದ ಎಲೆ, ನಾಯಿಯ ಬೆನ್ನು, ಹೋಟೆಲಿನ ಸಕ್ಕರೆ ಡಬ್ಬಿ, ಎಲ್ಲಕ್ಕೂ ಒಂದೇ ಬಣ್ಣ. ಸಂಡೂರಿನ ಗುಡ್ಡದ ಬುಡದಲ್ಲಿದ್ದ ಒಂದು ಅದಿರು ಲೋಡಿಂಗ್ ಪ್ಲಾಂಟಿನಲ್ಲಿ ನಾನು ಯಂತ್ರಗಳ ರಿಪೇರಿ, ಉಸ್ತುವಾರಿ ನೋಡಿಕೊಳ್ಳುತ್ತಿದ್ದೆ. ಗುಡ್ಡದ ಮೇಲಿನ ಅದಿರು ಉದ್ದನೆಯ ಕನ್ವೇಯರ್ ಬೆಲ್ಟಿನ ಮೇಲೆ ಇಳಿದುಬಂದು ರೈಲಿನ ಡಬ್ಬಿಗಳಿಗೆ ಬೀಳುತ್ತಿತ್ತು. ನಡುವೆ ಆ ಬೆಲ್ಟು ಊರ ರಸ್ತೆಯನ್ನು ದಾಟಬೇಕಿತ್ತು. ಅದಕ್ಕಾಗಿ ಒಂದು ಉಕ್ಕಿನ ಸೇತುವೆ. ಅದಿರು ಕಡಿಮೆ ಹೋಗುತ್ತಿದ್ದ ಕಾಲದಲ್ಲಿ ಕಟ್ಟಿದ್ದು. ಈಗ ಅದರ ಮೇಲೆ ಹಗಲೂ ರಾತ್ರಿ ಅದಿರು ಓಡುತ್ತಿತ್ತು. ಕೆಳಗೆ ರಸ್ತೆ, ರಸ್ತೆಯ ಪಕ್ಕದಲ್ಲಿ ಸೇತುವೆಯ ನೆರಳಿಗೇ ಹುಲಿಗೆಮ್ಮನ ಹೋಟೆಲು. ಹೋಟೆಲು ಅಂದರೆ ನಾಲ್ಕು ಕಂಬ, ಮೇಲೆ ತಗಡು, ಎರಡು ಬೆಂಚು. ಆಕೆಯ ಮಂಡಕ್ಕಿ ಒಗ್ಗಾಣಿ, ಮಿರ್ಚಿ ಬಜ್ಜಿಗೆ ಲಾರಿಯವರು ಸಾಲುಗಟ್ಟಿ ನಿಲ್ಲುತ್ತಿದ್ದರು.

ಆ ಸೇತುವೆಯ ಒಂದು ತೊಲೆಯ ಕೆಳಮೈಯಲ್ಲಿ ಬಿರುಕು ಬಿಟ್ಟಿತು. ನಮ್ಮ ವೆಲ್ಡರ್ ಖಾಸಿಂ ಅದನ್ನು ಕೊರೆದು ತುಂಬಿ ಬೆಸೆದ. ಮೇಲಿಂದ ಉಕ್ಕಿನ ತೇಪೆಯನ್ನೂ ಹಾಕಿದೆವು. ಕೆಲಸ ಚೆನ್ನಾಗಿಯೇ ಆಗಿತ್ತು. ಆದರೆ ತೇಪೆ ಹಾಕಿದ ಮೇಲೆ ಒಂದು ತೊಡಕು: ಅಡಿಯಲ್ಲಿ ಬಿರುಕು ಸುಮ್ಮನೆ ಮಲಗಿದೆಯೋ, ಮತ್ತೆ ಬೆಳೆಯುತ್ತಿದೆಯೋ ಕಣ್ಣಿಗೆ ಕಾಣುವುದಿಲ್ಲ. ಮುಚ್ಚಿದ ಗಾಯದ ಹಾಗೆ. ವಿಮೆಯವರು ಬಂದು ನೋಡಿ, ಇದರ ಮೇಲೆ ಸದಾ ಒಂದು ಕಣ್ಣಿರಲೇಬೇಕು ಎಂದು ಪಟ್ಟು ಹಿಡಿದರು. ಹಾಗೆ ಬೆಂಗಳೂರಿನ ಒಂದು ಪ್ರಯೋಗಾಲಯದಿಂದ ಮೇಡಂ ಬಂದರು.

ಲ್ಯಾಪ್‌ಟಾಪ್ ಹಿಡಿದ ಯಾರೋ ಹುಡುಗ ಬರುತ್ತಾನೆಂದು ನಾವು ಕಾಯುತ್ತಿದ್ದೆವು. ಜೀಪಿನಿಂದ ಇಳಿದವರು ಐವತ್ತು ದಾಟಿದ ಹೆಂಗಸು. ಇಳಕಲ್ ಸೀರೆ, ಸೆರಗನ್ನು ಸೊಂಟಕ್ಕೆ ಬಿಗಿದು ಸಿಕ್ಕಿಸಿದ್ದರು. ಕಾಲಿಗೆ ಕ್ಯಾನ್ವಾಸ್ ಬೂಟು, ಹಣೆಯಲ್ಲಿ ವಿಭೂತಿ. ಒಂದು ಕೈಯಲ್ಲಿ ಊಟದ ಕ್ಯಾರಿಯರ್, ಇನ್ನೊಂದು ಕೈ ಜೀಪಿನ ಹಿಂದಿದ್ದ ಮರದ ಪೆಟ್ಟಿಗೆಯ ಮೇಲೆ.

"ಈ ಪೆಟ್ಟಿಗಿ ಒಗೀಬ್ಯಾಡ್ರಿ, ಹಗೂರಕ ಇಳಸ್ರಿ," ಅಂದರು. "ಇದರಾಗ ಗಾಜು ಐತಿ."

ಬೆಂಗಳೂರಿನ ಮೇಡಂ ಬಾಯಲ್ಲಿ ನಮ್ಮದೇ ಮಾತು ಕೇಳಿ ಖಾಸಿಂ ಬೆರಗಾದ. "ಮೇಡಂ, ನೀವು ಯಾವೂರಿನೋರು?"

"ಕಂಪ್ಲಿ. ಗಿರಣಿ ಮನಿ ಮಗಳು. ನನ್ನ ಮಾತು ಕೇಳಿಸದಿದ್ರ ಹೇಳಪ, ಗಿರಣಿ ಸಪ್ಪಳದಾಗ ಬೆಳದಾಕಿ, ಇನ್ನೂ ಜೋರಾಗಿ ಹೇಳ್ತೀನಿ."

ಅವರ ದನಿ ನಿಜಕ್ಕೂ ದೊಡ್ಡದು. ಬೆಲ್ಟು ಓಡುತ್ತಿರುವಾಗಲೂ ಅವರು ಹೇಳಿದ್ದು ನಮಗೆ ಕೇಳಿಸುತ್ತಿತ್ತು. ಆಫೀಸಿನ ಕೋಣೆಯಲ್ಲೂ ಅದೇ ದನಿಯಲ್ಲಿ ಮಾತಾಡಿ ಎಲ್ಲರೂ ತಿರುಗಿ ನೋಡುವಂತೆ ಮಾಡುತ್ತಿದ್ದರು.

ಅವರ ಕೆಲಸ ಏನೆಂದು ನನಗೆ ಮನವರಿಕೆಯಾದದ್ದು ಹಂಪಿಯಲ್ಲಿ. ಬೆಲ್ಟಿನ ವಾರದ ರಜೆಯ ದಿನ ಅವರನ್ನು ಕರೆದುಕೊಂಡು ಹೋಗಿದ್ದೆ. ಹತ್ತಿರದ ಊರಿನವರೇ ಆದರೂ ಹಂಪಿಯನ್ನು ಸರಿಯಾಗಿ ನೋಡಿರಲಿಲ್ಲವಂತೆ. ಕಡ್ಡಿರಾಂಪುರದಲ್ಲಿ ಆಟೊ ನಿಲ್ಲಿಸಿ ಚಹಾ ಕುಡಿದು ಹೋದೆವು. ಒಂದು ಹಾಳು ಮಂಟಪದಲ್ಲಿ ಕಲ್ಲಿನ ತೊಲೆಯೊಂದು ಸೀಳಿತ್ತು. ಕೆಳಗೆ ಆಸರೆಗೆ ಕಂಬ ಕಟ್ಟಿದ್ದರು. ಸೀಳಿನ ಅಡ್ಡಕ್ಕೆ ಯಾರೋ ಒಂದು ಗಾಜಿನ ಪಟ್ಟಿಯನ್ನು ಗಾರೆ ಹಾಕಿ ಅಂಟಿಸಿದ್ದರು. ನಾನು ಅದನ್ನು ಗಮನಿಸಿಯೇ ಇರಲಿಲ್ಲ. ಅವರು ಕೆತ್ತನೆಗಳನ್ನೆಲ್ಲ ಬಿಟ್ಟು ಅದರ ಮುಂದೆ ನಿಂತುಬಿಟ್ಟರು.

"ಬರ್ರಿ ಇಲ್ಲಿ. ನೋಡ್ರಿ, ಕಲ್ಲು ಇನ್ನೊಂದೀಟು ಬಾಯಿ ಬಿಟ್ರ ಈ ಗಾಜು ಒಡೀತೈತಿ. ಕಾವಲಿನಾಂವ ದಿನಾ ಬಂದು ಗಾಜು ನೋಡಿ ಹೋದ್ರ ಸಾಕು. ನಾನು ಮಾಡೋದೂ ಇದ. ನನ್ನ ಗಾಜು ಕೂದಲಿನಂಗ ಸಣ್ಣಗೈತಿ, ಉದ್ದಕ್ಕೈತಿ. ಒಡಿಯೋದಕ್ಕಿಂತ ಮದಲ ಹೇಳ್ತೈತಿ. ಇಷ್ಟ ಫರಕು."

ನಂತರ ಸೇತುವೆಯ ಮೇಲೆ ಅದನ್ನೇ ತೋರಿಸಿಕೊಟ್ಟರು. ಪೆಟ್ಟಿಗೆಯಲ್ಲಿದ್ದದ್ದು ಗಾಜಿನ ಎಳೆ, ಫೈಬರ್. ತೇಪೆಯ ಅಂಚಿನುದ್ದಕ್ಕೂ ತೊಲೆಯ ಮೈಗೆ ಅದನ್ನು ಅಂಟಿಸುತ್ತಾರೆ. ಒಂದು ತುದಿಯಿಂದ ಬೆಳಕು ಬಿಡುತ್ತಾರೆ. ಎಳೆಯ ಒಳಗೆ ಅಲ್ಲಲ್ಲಿ ಸೂಕ್ಷ್ಮವಾದ ಗುರುತುಗಳಿವೆ. ಪ್ರತಿಯೊಂದು ಗುರುತೂ ತನ್ನದೇ ಬಣ್ಣದ ಬೆಳಕನ್ನು ವಾಪಸು ಕಳಿಸುತ್ತದೆ. ಕಬ್ಬಿಣ ಹಿಗ್ಗಿದರೆ ಅದಕ್ಕೆ ಅಂಟಿದ ಎಳೆಯೂ ಹಿಗ್ಗುತ್ತದೆ, ಬರುವ ಬಣ್ಣ ತುಸು ಬದಲಾಗುತ್ತದೆ. ಕಣ್ಣಿಗೆ ತಿಳಿಯದ ಆ ಬದಲಾವಣೆಯನ್ನು ಯಂತ್ರ ಓದುತ್ತದೆ. ಬಿರುಕು ಬೆಳೆದರೆ ಸುತ್ತಲಿನ ಕಬ್ಬಿಣ ಎಳೆದಾಡುವ ರೀತಿಯೇ ಬೇರೆಯಾಗುತ್ತದೆ, ಎಳೆ ಅದನ್ನು ಹೇಳುತ್ತದೆ. ಇಷ್ಟು ತಿಳಿಯಲು ನನಗೆ ಅರ್ಧ ದಿನ ಬೇಕಾಯಿತು. ಅವರು ಒಮ್ಮೆಯೂ ಬೇಸರಿಸಲಿಲ್ಲ.

ಈ ಕೆಲಸಕ್ಕೆ ಹೇಗೆ ಬಂದಿರಿ ಎಂದು ಆಗ ಕೇಳಿದ್ದೆ. ಚಿಕ್ಕವರಿದ್ದಾಗ ಗಿರಣಿಯಲ್ಲಿ ಏನೋ ಮುರಿದುಬಿದ್ದ ಕತೆ ಹೇಳುತ್ತಾರೆಂದುಕೊಂಡಿದ್ದೆ. ಅವರು ಗಟ್ಟಿಯಾಗಿ ನಕ್ಕರು.

"ಎಲ್ಲಾರೂ ಒಂದು ಕತಿ ಬೇಡ್ತಾರ. ಅಂಥಾದ್ದೇನಿಲ್ಲಪ. ಆ ಕೆಲಸಕ್ಕ ಅರ್ಜಿ ಹಾಕಿದೋರು ನಾವಿಬ್ಬರ. ಇನ್ನೊಬ್ಬಾಂವ ಬರಲಿಲ್ಲ."

ಅವರಿಗೆ ಎತ್ತರವೆಂದರೆ ಪ್ರಾಣಭಯ. ನಮಗೆ ಇದು ಗೊತ್ತಾದದ್ದು ಮೊದಲ ದಿನವೇ. ಸೇತುವೆಗೆ ಹತ್ತುವುದು ಕಬ್ಬಿಣದ ಏಣಿಯಲ್ಲಿ. ಅರ್ಧ ಹತ್ತಿದವರು ಅಲ್ಲೇ ನಿಂತರು, ಕಣ್ಣು ಮುಚ್ಚಿದರು. ಇಳಿಯುತ್ತಾರೆ ಎಂದುಕೊಂಡೆವು. ಇಳಿಯಲಿಲ್ಲ. ಕಣ್ಣು ಮುಚ್ಚಿಕೊಂಡೇ ಕಂಪ್ಲಿಯ ತಮ್ಮ ಮನೆಯ ಅಡುಗೆಯ ಸುದ್ದಿ ಹೇಳಲು ಶುರುಮಾಡಿದರು. ರೊಟ್ಟಿಗೆ ಹಿಟ್ಟು ಹೇಗೆ ನಾದಬೇಕು, ಪುಂಡಿಪಲ್ಯಕ್ಕೆ ಬೆಳ್ಳುಳ್ಳಿ ಯಾವಾಗ ಹಾಕಬೇಕು, ಅತ್ತಿಗೆ ಎಲ್ಲಿ ತಪ್ಪುತ್ತಾಳೆ. ಒಂದೊಂದು ಮಾತಿಗೆ ಒಂದೊಂದು ಮೆಟ್ಟಿಲು. ಮೇಲೆ ಮುಟ್ಟಿದಾಗ ಮುಖವೆಲ್ಲ ಬೆವರು. "ಆತು, ಪಲ್ಯ ಇಳಿಸಿದ್ವಿ," ಅಂದು ಕೆಲಸಕ್ಕೆ ಕೂತರು. ಆಮೇಲೆ ಪ್ರತಿಸಲವೂ ಹೀಗೆಯೇ. ಖಾಸಿಂ ಅವರ ಹಿಂದೆಯೇ ಹತ್ತುತ್ತಿದ್ದ. ಅವರ ಅತ್ತಿಗೆಯ ತಪ್ಪುಗಳೆಲ್ಲ ಅವನಿಗೆ ಬಾಯಿಪಾಠವಾಗಿದ್ದವು.

ಮೇಲೆ ಕೂತರೆ ಬೇರೆಯೇ ಮನುಷ್ಯ. ಯಂತ್ರ ಹಚ್ಚುವ ಮೊದಲು ಅಂಗೈ ಮಗುಚಿ, ಜ್ವರ ಬಂದ ಕೂಸಿನ ಹಣೆ ಮುಟ್ಟಿದಂತೆ ತೊಲೆಯನ್ನು ಮುಟ್ಟುತ್ತಿದ್ದರು. ಎಳೆ ಅಂಟಿಸುವಾಗ ಉಸಿರನ್ನೂ ಹಿಡಿದಿಡುತ್ತಿದ್ದರು. ಕೆಂಪು ಧೂಳು ಅವರ ದೊಡ್ಡ ಶತ್ರು. ಒಂದು ಕಣ ಸಿಕ್ಕಿಕೊಂಡರೂ ಅಂಟು ಹಿಡಿಯದು. ಆದ್ದರಿಂದ ತೊಲೆಯ ಸುತ್ತ ಹಳೆಯ ಸೊಳ್ಳೆಪರದೆ ಕಟ್ಟಿ ಒಳಗೆ ಕೂರುತ್ತಿದ್ದರು. ಕೆಳಗೆ ಲಾರಿಯವರು ಕತ್ತೆತ್ತಿ ನೋಡಿ ನಗುತ್ತಿದ್ದರು. "ಕಬ್ಬಿಣಕ್ಕ ಬಾಣಂತನ ಮಾಡಾಕತ್ಯಾರ ನೋಡ್ರಲೇ," ಎಂದು ಒಬ್ಬ ಕೂಗಿದ್ದ. ಅವರು ಪರದೆಯೊಳಗಿಂದಲೇ, "ಹೂನಪ, ನೀ ಖಾರದ ಪುಡಿ ಹಾರಸಬ್ಯಾಡ, ಗಾಡಿ ಮುಂದಕ್ಕ ಬಿಡು," ಅಂದರು.

ನಮ್ಮ ಪ್ಲಾಂಟಿನ ಮುಖ್ಯಸ್ಥರು ಅನಂತಪುರದ ಕಡೆಯವರು, ವಯಸ್ಸಾದವರು. ನಾವೆಲ್ಲ ದೊಡ್ಡ ಸಾಹೇಬರು ಅನ್ನುತ್ತಿದ್ದೆವು. ಕೆಟ್ಟವರಲ್ಲ. ಆದರೆ ಬಂದರಿನಲ್ಲಿ ಹಡಗು ಕಾಯುತ್ತಿದೆ ಎಂದು ಮಾಲೀಕರ ಕಡೆಯಿಂದ ಫೋನು ಬಂದರೆ ಎದ್ದು ನಿಂತೇ ಮಾತಾಡುತ್ತಿದ್ದರು.

ಆ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಮೇಡಂ ಓಡುತ್ತಾ ಬಂದರು. ಎಳೆಯ ರೀಡಿಂಗು ಒಮ್ಮೆಗೇ ಏರಿದೆ, ಬೆಲ್ಟು ನಿಲ್ಲಿಸಿ ಎಂದರು. ಸಾಹೇಬರು ನಿಲ್ಲಿಸಿದರು. ರೈಲು ಅರ್ಧ ತುಂಬಿ ನಿಂತಿತು. ಖಾಸಿಂ ತೇಪೆಯನ್ನು ಕತ್ತರಿಸಿ ತೆಗೆದ. ಬಿರುಕು ಹುಡುಕುವ ವಿಧಾನ ಸರಳ: ಕಬ್ಬಿಣಕ್ಕೆ ಕೆಂಪು ಬಣ್ಣ ಸವರಿ, ಒರೆಸಿ, ಮೇಲೆ ಬಿಳಿ ಪುಡಿ ಸಿಂಪಡಿಸಬೇಕು. ಬಿರುಕಿದ್ದರೆ ಒಳಗೆ ಇಳಿದ ಬಣ್ಣ ಬಿಳಿಯ ಮೇಲೆ ಗೆರೆಯಾಗಿ ಒಸರುತ್ತದೆ. ನಾವೆಲ್ಲ ನೋಡುತ್ತಾ ನಿಂತೆವು. ಬಿಳಿ ಬಿಳಿಯಾಗಿಯೇ ಉಳಿಯಿತು.

ಕಾರಣವನ್ನು ಮೇಡಂ ಅವರೇ ಹುಡುಕಿದರು. ಹಿಂದಿನ ದಿನದ ಗಾಳಿಗೆ ಸೇತುವೆಯ ಪಕ್ಕದ ತಗಡೊಂದು ಕಿತ್ತುಹೋಗಿತ್ತು. ಬಿಸಿಲು ನೇರ ತೇಪೆಯ ಮೇಲೆ ಬಿದ್ದು ಕಬ್ಬಿಣ ಕಾದಿತ್ತು. ಬಿಸಿಲಿಗೆ ಹಿಗ್ಗಿದ್ದನ್ನು ಲೆಕ್ಕದಿಂದ ಕಳೆಯಲೆಂದು ಬೇರೆಯಾಗಿ ಇಟ್ಟಿದ್ದ ಎಳೆ ಆಚೆ ನೆರಳಿನಲ್ಲಿತ್ತು, ಅದಕ್ಕೆ ಈ ಕಾವು ತಿಳಿಯಲಿಲ್ಲ. ಸಾಹೇಬರ ಕೋಣೆಯಲ್ಲಿ ಎಲ್ಲರೂ ಸೇರಿದ್ದಾಗ ಅವರು ಎದ್ದು ನಿಂತರು.

"ಬಿಸಿಲಿಗೆ ಹಿಗ್ಗಿದ್ದನ್ನ ನಾನು ಬಿರುಕು ಅಂದೆ. ತಪ್ಪು ನಂದು. ತಗಡು ಹೋಗಿದ್ದನ್ನ ನಾನು ನೋಡಬೇಕಿತ್ತು."

ಸಾಹೇಬರು ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. ಮಾಲೀಕರಿಂದ ಅವರಿಗೆ ಏನು ಬೈಗುಳ ಬಿತ್ತೋ ನಮಗೆ ತಿಳಿಯಲಿಲ್ಲ. ಆದರೆ ಆಮೇಲೆ ಮೇಡಂ ಎದುರಾದರೆ ಅವರು ದಾರಿ ಬದಲಿಸುತ್ತಿದ್ದರು. ಪ್ಲಾಂಟಿನಲ್ಲಿ 'ಬಿಸಿಲು ಮೇಡಂ' ಎಂಬ ಹೆಸರು ಹುಟ್ಟಿಕೊಂಡಿತು. ಅದು ಅವರ ಕಿವಿಗೂ ಬಿತ್ತು. ಖಾಸಿಂ ಹೊಸ ತೇಪೆ ಹಾಕಿದ, ಅವರು ಹೊಸ ಎಳೆ ಅಂಟಿಸಿದರು. ಈ ಸಲ ತೇಪೆಯ ಪಕ್ಕದಲ್ಲೇ ಇನ್ನೊಂದು ಎಳೆಯನ್ನು ಅಂಟಿಸದೆ ಸುಮ್ಮನೆ ಕೊಳವೆಯೊಳಗೆ ಇಳಿಬಿಟ್ಟರು. ಕಬ್ಬಿಣ ಜಗ್ಗಿದ್ದು ಅದಕ್ಕೆ ತಿಳಿಯದು, ಬಿಸಿಲು ಮಾತ್ರ ತಿಳಿಯುತ್ತದೆ. ಏಣಿ ಹತ್ತುವಾಗ ಆ ವಾರ ಅಡುಗೆಯ ಸುದ್ದಿ ಇರಲಿಲ್ಲ. ಸುಮ್ಮನೆ ಹತ್ತಿದರು. ಅದು ನನಗೆ ಹೆಚ್ಚು ಕಷ್ಟವಾಯಿತು.

ಮಳೆಗಾಲ ಕಳೆಯಿತು. ಅದಿರು ಇನ್ನೂ ಹೆಚ್ಚಿತು. ಒಂದು ದಿನ ಬೆಳಿಗ್ಗೆ ಅವರು ನನ್ನನ್ನು ಕರೆದು ಯಂತ್ರದ ಮುಂದೆ ಕೂರಿಸಿದರು. ಬೆಲ್ಟು ಖಾಲಿ ಓಡುತ್ತಿತ್ತು.

"ನಮ್ಮ ಗಿರಣ್ಯಾಗ ಹಮಾಲರು ಚೀಲ ಹೊರ್ತಾರ. ಹೊತ್ತಾಗ ಬಗ್ಗತಾರ, ಇಳಿಸಿದಾಗ ನೆಟ್ಟಗ ನಿಲ್ತಾರ. ಹೌದಿಲ್ಲೋ? ಒಬ್ಬಾಂವ ಚೀಲ ಇಳಿಸಿದ ಮ್ಯಾಲೂ ಬಗ್ಗೇ ನಿಂತಾನಂದ್ರ?"

"ಬೆನ್ನಿಗೆ ಏನೋ ಆಗೇತಿ."

"ಈ ತೊಲಿ ನೋಡ್ರಿ. ಬೆಲ್ಟು ಖಾಲಿ ಐತಿ, ಬಿಸಿಲಿಲ್ಲ, ತಂಪೈತಿ. ಆದ್ರೂ ಮದಲಿನ ಜಾಗಕ್ಕ ವಾಪಸು ಬರವಲ್ದು. ದಿನಾ ಒಂದೀಟು, ಒಂದೀಟು."

ಅವರಿಗೂ ಅದು ಖಚಿತವಿರಲಿಲ್ಲ. ಅಂಟು ಸಡಿಲಾಗಿದ್ದರೂ ಹೀಗಾಗಬಹುದು ಎಂದು ತಾವೇ ಹೇಳಿದರು. ಇನ್ನೊಮ್ಮೆ ತಪ್ಪಾದರೆ ಅವರನ್ನು ವಾಪಸು ಕಳಿಸುವುದು ಗ್ಯಾರಂಟಿ. ಆಮೇಲೆ ಆ ಎಳೆಗಳನ್ನು ನೋಡುವವರೇ ಇರುವುದಿಲ್ಲ. ಸುಮ್ಮನಿದ್ದರೆ, ಕೆಳಗೆ ಬೆಂಚಿನ ಮೇಲೆ ಒಗ್ಗಾಣಿ ತಿನ್ನುವ ಮಂದಿ. ಅವರು ಹಿಂದಿನ ದಿನಗಳ ರೀಡಿಂಗುಗಳನ್ನೆಲ್ಲ ಇನ್ನೊಮ್ಮೆ ನೋಡಿದರು. ಆಮೇಲೆ ಎದ್ದು ಸೀದಾ ಸಾಹೇಬರ ಕೋಣೆಗೆ ನಡೆದರು. ನಾನೂ ಹಿಂದೆಯೇ ಹೋದೆ.

ಸಾಹೇಬರು ಕೇಳಿಸಿಕೊಂಡು, "ಈ ಸಲ ಬಿರುಕು ಐತಿ ಅಂತ ಖಚಿತವಾಗಿ ಹೇಳ್ತೀರೇನಮ್ಮಾ?" ಅಂದರು.

"ಇಲ್ರಿ ಸರ್. ನನಗ ಗೊತ್ತಿಲ್ಲ."

"ಗೊತ್ತಿಲ್ಲ ಅಂತ ಬೆಲ್ಟು ನಿಲ್ಲಿಸಲೇನು? ಮಾಲೀಕರಿಗೆ ಏನಂತ ಹೇಳ್ಲಿ?"

"ಗೊತ್ತಿಲ್ಲ ಅಂತನ ನಿಲ್ಲಸ್ರಿ ಅನ್ನಾಕತ್ತೀನಿ. ಗೊತ್ತಿದ್ರ ನಿಮ್ಮನ್ನ ಕೇಳ್ತಿದ್ದಿಲ್ಲ, ನಾನ ಹೋಗಿ ಸ್ವಿಚ್ ಒತ್ತತಿದ್ದೆ."

ಅವರ ದೊಡ್ಡ ದನಿ ಅಂದು ಸಣ್ಣದಾಗಿತ್ತು. ಸಾಹೇಬರು ಕಿಟಕಿಯ ಹೊರಗೆ ನೋಡಿದರು. ಅಲ್ಲಿಂದ ಸೇತುವೆ ಕಾಣುತ್ತದೆ, ಹುಲಿಗೆಮ್ಮನ ಒಲೆಯ ಹೊಗೆಯೂ ಕಾಣುತ್ತದೆ. ಕೊನೆಗೆ ಅವರು, "ಪೂರ್ತಿ ನಿಲ್ಲಿಸೋದು ನನ್ನ ಕೈಲಾಗಲ್ಲಮ್ಮಾ. ಅರ್ಧ ಲೋಡಿಗೆ ಇಳಿಸ್ತೀನಿ. ವಾರದ ರಜಾದಿನ ತೇಪೆ ಬಿಚ್ಚೋಣ," ಅಂದರು.

"ಕೆಳಗಿನ ಮಂದಿ?"

"ರಸ್ತೆ ಬಂದ್ ಮಾಡಿಸ್ತೀನಿ. ಆ ಹೋಟೆಲು ತೆಗೆಸ್ತೀನಿ. ಆದರೆ ಬಿರುಕು ಅನ್ನೋ ಮಾತು ಯಾರ ಬಾಯಿಂದಲೂ ಹೊರಗೆ ಬರಬಾರದು. ಬಂದರೆ ಮಾಲೀಕರು ನನ್ನನ್ನೂ ಬಿಡಲ್ಲ, ಈ ಅರ್ಧ ಲೋಡನ್ನೂ ಬಿಡಲ್ಲ. ನಾಳೆಯಿಂದಲೇ ಮತ್ತೆ ಪೂರ್ತಿ ಲೋಡು ಹಾಕಿಸ್ತಾರೆ."

ಮೇಡಂ "ಆತ್ರಿ," ಅಂದರು.

ಹೋಟೆಲು ತೆಗೆಸಲು ಸೆಕ್ಯುರಿಟಿಯವರನ್ನು ಕಳಿಸುವುದೆಂದಾಗಿತ್ತು. ಮೇಡಂ ಬಿಡಲಿಲ್ಲ, ತಾವೇ ಹೋದರು. ಹುಲಿಗೆಮ್ಮ ಬಾಣಲೆಯ ಮುಂದೆ ಕೂತು ಮಿರ್ಚಿ ಕರಿಯುತ್ತಿದ್ದಳು. ಗಟ್ಟಿ ಹೆಂಗಸು. ಗಂಡ ತೀರಿದ ಮೇಲೆ ಆ ನಾಲ್ಕು ಕಂಬವನ್ನು ತಾನೇ ನೆಟ್ಟವಳು.

"ಯವ್ವಾ, ಇಲ್ಲಿಂದ ಎದ್ದೇಳಬೇಕಾಗೇತಿ. ಆ ತಿರುವಿನ ಹತ್ರ ಜಾಗ ತೋರಸ್ತೀವಿ," ಅಂದರು ಮೇಡಂ.

"ಯಾಕ್ರಿ ಅಮ್ಮಾರ?"

ಮೇಡಂ ಒಮ್ಮೆ ಸೇತುವೆಯ ಕಡೆ ನೋಡಿದರು. "ಕೆಲಸ ನಡದೈತವ್ವ."

"ಏನು ಕೆಲಸ? ಲಾರಿ ನಿಲ್ಲೋದು ಇಲ್ಲಿ. ಆ ತಿರುವಿನ್ಯಾಗ ಯಾವ ನಾಯಿ ನಿಲ್ತೈತಿ? ನಿಮ್ಮ ಬೆಲ್ಟು ಮ್ಯಾಲೈತಿ, ನನ್ನ ಒಲಿ ಕೆಳಗೈತಿ. ನಿಮಗೇನು ತ್ರಾಸು ಕೊಟ್ಟೀನಿ ನಾನು?"

ಬೈದಳು. ಓದಿದ ಹೆಂಗಸರಿಗೆ ಹೊಟ್ಟೆಪಾಡು ಗೊತ್ತಿಲ್ಲ ಅಂದಳು. ತನ್ನ ಹೋಟೆಲಿನಲ್ಲಿ ಉಂಡು ತನಗೇ ಹೀಗೆ ಮಾಡುತ್ತೀರಾ ಅಂದಳು. ನಿಂತಿದ್ದ ಲಾರಿಯವರೂ ಆಕೆಯ ಕಡೆಗೇ ಆದರು. ಮೇಡಂ ಸೆರಗು ಬಿಗಿದು ಬೆಂಚಿನ ಒಂದು ತುದಿ ಹಿಡಿದು ಎತ್ತಿದರು. ಇನ್ನೊಂದು ತುದಿಯನ್ನು ನಾನು ಹಿಡಿದೆ. ಬೆಂಚು, ತಗಡು, ಪಾತ್ರೆ, ಎಲ್ಲವನ್ನೂ ನಾವು ತಿರುವಿನವರೆಗೆ ಹೊತ್ತೆವು. ಹುಲಿಗೆಮ್ಮ ತನ್ನ ಬಾಣಲೆಯನ್ನು ಮಾತ್ರ ಅವರ ಕೈಗೆ ಕೊಡಲಿಲ್ಲ. ತಾನೇ ಹೊತ್ತುಕೊಂಡು, ದಾರಿಯುದ್ದಕ್ಕೂ ಬೈಯುತ್ತಾ ಬಂದಳು.

ರಜೆಯ ದಿನ ಬೆಳಿಗ್ಗೆ ತೇಪೆ ಬಿಚ್ಚಿದೆವು. ಖಾಸಿಂ ಉಜ್ಜಿ, ಬಣ್ಣ ಸವರಿ, ಒರೆಸಿ, ಬಿಳಿ ಪುಡಿ ಸಿಂಪಡಿಸಿದ. ಸಾಹೇಬರೂ ಆ ವಯಸ್ಸಿನಲ್ಲಿ ಏಣಿ ಹತ್ತಿ ಬಂದಿದ್ದರು. ಸ್ವಲ್ಪ ಹೊತ್ತು ಏನೂ ಕಾಣಲಿಲ್ಲ. ಮೇಡಂ ಬೇರೆ ಕಡೆ ತಿರುಗಿಬಿಟ್ಟರು. ಆಮೇಲೆ ಬಿಳಿಯ ಮೇಲೆ ಒಂದು ಕೆಂಪು ಚುಕ್ಕೆ ಮೂಡಿತು. ಅದರ ಪಕ್ಕ ಇನ್ನೊಂದು. ನೋಡುತ್ತಿದ್ದಂತೆ ಅವು ಕೂಡಿಕೊಂಡವು. ಗೆರೆ ತೇಪೆಯ ಅಂಚನ್ನು ದಾಟಿ ತೊಲೆಯ ಪಕ್ಕದ ಮೈಯವರೆಗೆ ಹತ್ತಿಹೋಗಿತ್ತು.

"ಯಾ ಅಲ್ಲಾ," ಅಂದ ಖಾಸಿಂ. "ನನ್ನ ವೆಲ್ಡಿಂಗು ಮೇಡಂ..."

ಅವರು ತಿರುಗಿ, ಬಗ್ಗಿ, ಬೆರಳಿನಿಂದ ತೋರಿಸಿದರು. "ನೋಡಿಲ್ಲಿ. ನೀ ಬೆಸದಿದ್ದು ಹಂಗ ಐತಿ, ಗಟ್ಟಿ ಐತಿ. ಇದು ಅದರ ಬಗಲಾಗಿಂದ ಹೊಂಟೈತಿ. ಈ ತೊಲಿಗೆ ಇಷ್ಟು ಹೊರಿ ಹೊರೋ ಶಕ್ತಿ ಇಲ್ಲಪ. ಅದರಾಗ ನಿನ್ನ ತಪ್ಪೇನೂ ಇಲ್ಲ."

ಸಾಹೇಬರು ಅಲ್ಲಿಂದಲೇ ಫೋನು ಮಾಡಿದರು. ಹೊಸ ತೊಲೆಗಳು ಬರುವವರೆಗೆ ಬೆಲ್ಟು ನಿಂತಿತು. ಮಾಲೀಕರಿಗೆ ಏನು ಹೇಳಿದರೋ, ಹೇಗೆ ಹೇಳಿದರೋ, ನಿಲ್ಲಿಸಿದರು ಅನ್ನುವುದಷ್ಟೇ ನನಗೆ ಗೊತ್ತು. ಇಳಿದು ಹೋಗುವ ಮೊದಲು ಮೇಡಂ ಕಡೆ ತಿರುಗಿ ಕೈ ಮುಗಿದರು.

ಎಲ್ಲರೂ ಇಳಿದ ಮೇಲೆ ಮೇಡಂ ಏಣಿಯ ಬುಡದಲ್ಲಿ ಕೂತುಬಿಟ್ಟರು. ನೀರು ತಂದುಕೊಟ್ಟೆ. ಕುಡಿಯಲಿಲ್ಲ, ಲೋಟ ಹಿಡಿದುಕೊಂಡೇ ಇದ್ದರು. ಕಣ್ಣಲ್ಲಿ ನೀರು ಬಂದಿತ್ತು. ಸಮಾಧಾನಕ್ಕೆಂದು, "ನೀವು ಹೇಳಿದ್ದು ಖರೇ ಆತಲ್ರಿ ಮೇಡಂ," ಅಂದೆ.

"ಅದಕ್ಕಪ," ಅಂದರು. "ಆ ಕೆಂಪು ಗೆರಿ ಕಂಡಾಗ ನನಗ ಎಷ್ಟು ಖುಷಿ ಆತು ಗೊತ್ತೇನು? ಕುಣಿಯೋಷ್ಟು. ಕೆಳಗ ಅಷ್ಟು ಮಂದಿ ಕುಂತಿದ್ರು, ತಲಿ ಮ್ಯಾಲ ಇದು ಬೆಳದಿತ್ತು, ನನಗ ಖುಷಿ ಆತು. ಎಂಥಾ ಕೆಲಸಪ ನಂದು."

ನಾನು ಪಕ್ಕದಲ್ಲಿ ಕೂತೆ. ಅವರು ಸೆರಗಿನಿಂದ ಮುಖ ಒರೆಸಿಕೊಂಡು ಕ್ಯಾರಿಯರ್ ಬಿಚ್ಚಿದರು. ನನಗೂ ಒಂದು ರೊಟ್ಟಿ ಕೊಟ್ಟರು.

ಹೊಸ ತೊಲೆಗಳು ಬಂದವು. ಬೆಲ್ಟು ಮತ್ತೆ ಓಡಿತು. ರಸ್ತೆ ತೆರೆದರೂ ಸೇತುವೆಯ ಕೆಳಗೆ ಹೋಟೆಲು ಹಾಕಲು ಸಾಹೇಬರು ಮತ್ತೆ ಬಿಡಲಿಲ್ಲ. ಬಿರುಕಿನ ಸುದ್ದಿ ಗುಸುಗುಸಿಗಿಂತ ಮುಂದೆ ಹೋಗಲಿಲ್ಲ. ಏನೂ ಬೀಳಲಿಲ್ಲವಾದ್ದರಿಂದ ಪೇಪರಿನವರು ಬರಲಿಲ್ಲ, ಯಾರೂ ಕೇಳಲೂ ಇಲ್ಲ. 'ಬಿಸಿಲು ಮೇಡಂ' ಎಂಬ ಹೆಸರೂ ಹೋಗಲಿಲ್ಲ. ಗೊತ್ತಿದ್ದ ನಾವು ಕೆಲವರು ಮಾತ್ರ ಆ ಹೆಸರು ಕೂಗುವುದನ್ನು ಬಿಟ್ಟೆವು. ಅವರು ನಿವೃತ್ತಿಯಾಗುವವರೆಗೂ ಆಗಾಗ ಬಂದು ಎಳೆಗಳನ್ನು ನೋಡಿ ಹೋಗುತ್ತಿದ್ದರು.

ಆಮೇಲೆ ಗಣಿಗಾರಿಕೆ ನಿಂತ ಕತೆ ಎಲ್ಲರಿಗೂ ತಿಳಿದದ್ದೇ. ಲಾರಿಗಳ ಸಾಲು ಮಾಯವಾಯಿತು, ರಸ್ತೆಯಲ್ಲಿ ಹಕ್ಕಿಯ ದನಿ ಕೇಳತೊಡಗಿತು. ನಮ್ಮ ಪ್ಲಾಂಟು ಮುಚ್ಚಿತು. ಸಾಹೇಬರು ಊರಿಗೆ ಹೋದರು, ಖಾಸಿಂ ಹೊಸಪೇಟೆಯಲ್ಲಿ ಗೇಟು, ಕಿಟಕಿ ಮಾಡುವ ಅಂಗಡಿ ಹಾಕಿದ. ಲೆಕ್ಕ ಮುಗಿಸುವವರೆಗೆ ನಾನೊಬ್ಬ ಉಳಿದಿದ್ದೆ. ಸೇತುವೆಯನ್ನು ಗುಜರಿಯವರು ಕೊಂಡರು. ಕತ್ತರಿಸುವ ದಿನ ಮೇಡಂಗೆ ಫೋನು ಮಾಡಿದೆ. ಬರುತ್ತಾರೆಂದುಕೊಂಡಿರಲಿಲ್ಲ. ಕಂಪ್ಲಿಯಿಂದ ಬಸ್ಸು ಹಿಡಿದು ಬಂದೇಬಿಟ್ಟರು. ಕೂದಲು ಪೂರ್ತಿ ಬೆಳ್ಳಗಾಗಿತ್ತು, ನಡೆಯುವಾಗ ಏದುಸಿರು.

ನಿಂತು ನೋಡಲು ನೆರಳೆಂದರೆ ತಿರುವಿನಲ್ಲಿದ್ದ ಹುಲಿಗೆಮ್ಮನ ಹೋಟೆಲು ಒಂದೇ. ಲಾರಿಗಳಿಲ್ಲದೆ ಅದೂ ಬಡವಾಗಿತ್ತು. ಹುಲಿಗೆಮ್ಮ ಅವರನ್ನು ಗುರುತು ಹಿಡಿದಳು. ಬರ್ರಿ ಅನ್ನಲಿಲ್ಲ. ಮೇಡಂ ತಾವೇ ಬೆಂಚಿನ ಮೇಲೆ ಕೂತರು. ನಾವು ಮೂವರೂ ಸೇತುವೆಯ ಕಡೆ ನೋಡುತ್ತಿದ್ದೆವು. ಗ್ಯಾಸ್ ಕಟ್ಟರಿನವರು ಕ್ರೇನಿಗೆ ಕಟ್ಟಿದ್ದ ತೊಲೆಯೊಂದನ್ನು ಕತ್ತರಿಸಿ ನಿಧಾನವಾಗಿ ಇಳಿಸಿದರು. ಅದು ನೆಲ ಮುಟ್ಟಿದಾಗ ಬೆಂಚು ಕೂಡ ಅದುರಿತು.

ಹುಲಿಗೆಮ್ಮ ಸೆರಗನ್ನು ಬಾಯಿಗೆ ಹಿಡಿದು ನೋಡಿದಳು. ಆಮೇಲೆ ಮೇಡಂ ಕಡೆ ತಿರುಗಿದಳು.

"ಇಷ್ಟು ವರ್ಷ ನನ್ನ ಹೊಟ್ಯಾಗಿತ್ತು, ಇವತ್ತು ಕೇಳತೀನ್ರಿ ಅಮ್ಮಾರ. ಅವತ್ತು ನನ್ನನ್ನ ಯಾಕ ಎಬ್ಬಿಸಿದ್ರಿ? ಇದು ಬೀಳತೈತಿ ಅಂತ ಮಂದಿ ಆಮ್ಯಾಲ ಗುಸುಗುಸು ಮಾತಾಡಿದ್ರು. ಎಲ್ಲಿ ಬಿತ್ತ್ರಿ? ಇವತ್ತು ಕತ್ತರಿಸೋ ತನಕ ಗಟ್ಟಿಯಾಗಿ ನಿಂತಿತ್ತಲ್ಲ! ಅಲ್ಲೇ ಇದ್ದಿದ್ರ ನಾನು ಇಷ್ಟೊತ್ತಿಗೆ ಒಂದು ಮನಿ ಕಟ್ಟತಿದ್ದೆ."

ಈಗ ಹೇಳಲು ಯಾವ ಅಡ್ಡಿಯೂ ಇರಲಿಲ್ಲ. ಪ್ಲಾಂಟಿಲ್ಲ, ಸಾಹೇಬರಿಲ್ಲ, ಮಾಲೀಕರ ಹೆದರಿಕೆಯಿಲ್ಲ. ಆ ಕೆಂಪು ಗೆರೆ ಎಲ್ಲಿಯವರೆಗೆ ಹೋಗಿತ್ತು, ಅದರ ನೇರ ಕೆಳಗೆ ಯಾರ ಒಲೆ ಇತ್ತು ಎಂದು ಹೇಳಲು ನಾನು ಬಾಯಿ ತೆರೆದೆ. ಮೇಡಂ ನನ್ನ ಮೊಣಕೈ ಮುಟ್ಟಿ ತಡೆದರು. ಹುಲಿಗೆಮ್ಮನನ್ನು ಬಹಳ ಹೊತ್ತು ನೋಡಿದರು. ಒಲೆಯ ಕಾವಿಗೆ ಕೆಂಪಾಗಿದ್ದ ಆಕೆಯ ಮುಖವನ್ನು, ಬೆವರನ್ನು, ಸಿಟ್ಟನ್ನು ನೋಡಿದರು.

"ಹೌದವ್ವ, ಬೀಳಲಿಲ್ಲ," ಅಂದರು. "ನೀ ಬೈಯೋದು ಬೈ. ಒಂದು ಪ್ಲೇಟು ಒಗ್ಗಾಣಿ ಕೊಡು, ಮಿರ್ಚಿ ಬಿಸಿ ಇರ್ಲಿ."

ಹುಲಿಗೆಮ್ಮ ಗೊಣಗುತ್ತಲೇ ಬಾಣಲೆ ಇಟ್ಟಳು. ಮೇಡಂ ಬೆಂಚಿನ ಮೇಲೆ ಕಾಲು ಚಾಚಿ ಕೂತು, ಆಕೆ ಹಿಟ್ಟು ಕಲಸುವುದನ್ನು, ಮೆಣಸಿನಕಾಯಿ ಸೀಳುವುದನ್ನು, ಕೈಗೆ ಎಣ್ಣೆ ಸಿಡಿದಾಗ ಬೈಯುವುದನ್ನು ನೋಡುತ್ತಾ ಇದ್ದರು. ಅವರ ಮುಖದಲ್ಲಿ ಅಷ್ಟು ಸಂತೋಷವನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.